ಹೇಳಿದ ಮಾತು ಏಳನೇ ತರಗತಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ಆರು ವರ್ಷ ಮೂರನೇ ತರಗತಿಗೆ ಪಾಠ ಮಾಡಿದ ನನಗೆ ಈ ವರ್ಷ ಏಳನೇ ತರಗತಿಯ ಗಣಿತ ವಹಿಸಿದ್ದಾರೆ. ತರಗತಿಯಲ್ಲಿ 38 ಮಕ್ಕಳಿದ್ದಾರೆ. ಪಾಠ ಅವರಿಗೆ ಅರ್ಥವಾಗುತ್ತದೆ, ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುವವರೇ ಇಲ್ಲ. ‘ನೋಟ್‌ಬುಕ್ ತೆಗೀರಿ, ದಿನಾಂಕ ಬರೆದು ಮಾರ್ಜಿನ್ ಹಾಕಿ, 46ನೇ ಪುಟದ 3, 5, 7ನೇ ಲೆಕ್ಕ ಮಾಡಿ, 4ನ್ನು ಬಿಡಿ, ಹಂತಗಳನ್ನು ತೋರಿಸಿ, ಪಕ್ಕದವರ ಜೊತೆ ಮಾತು ಬೇಡ, ಗಂಟೆ ಹೊಡೆಯೋ ಮೊದಲು ಲೀಡರ್ ಹತ್ತಿರ ಕೊಡಿ’ ಎಂದು ಸ್ಪಷ್ಟವಾಗಿ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ‘ಎಷ್ಟನೇ ಪುಟ ಮಿಸ್?’ ಎಂದು ಒಬ್ಬ ಕೇಳುತ್ತಾನೆ. ‘ಪೆನ್ನಲ್ಲಾ, ಪೆನ್ಸಿಲ್ಲಲ್ಲಾ?’ ಎಂದು ಇನ್ನೊಬ್ಬಳು, ‘ಲೈನ್ ಬಿಡ್ಬೇಕಾ?’ ಎಂದು ಮತ್ತೊಬ್ಬ. ಐದು ಸಲ ಹೇಳುತ್ತೇನೆ, ಆರನೆಯ ಸಲ ಕಿರುಚುತ್ತೇನೆ. ಬೋರ್ಡಿನ ಮೇಲೆ ಬರೆದೂ ನೋಡಿದೆ. ಕೊನೆಗೆ ನೋಡಿದರೆ ಅರ್ಧ ತರಗತಿ 4ನೇ ಲೆಕ್ಕವನ್ನೂ ಮಾಡಿರುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿದೆ. ಇವರು ಬೇಕೆಂದೇ ಹೀಗೆ ಮಾಡುತ್ತಾರೆಯೇ? ಶಿಕ್ಷೆ ಬಿಟ್ಟು ಬೇರೆ ದಾರಿಯಿದೆಯೇ?

ಉತ್ತರ: ನೀವು ತರಗತಿಯಲ್ಲಿ ಹೇಳಿದ ಸೂಚನೆಯನ್ನು ಮಾತಿಗೆ ಮಾತು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬಹಳಷ್ಟು ಶಿಕ್ಷಕರು ‘ಮಕ್ಕಳು ಹೇಳಿದ್ದು ಕೇಳುವುದಿಲ್ಲ’ ಎಂದಷ್ಟೇ ಬರೆಯುತ್ತಾರೆ. ಹೇಳಿದ್ದು ಏನೆಂಬುದು ಪತ್ರದಲ್ಲಿ ಇರುವುದೇ ಇಲ್ಲ, ಹಾಗಾಗಿ ಉತ್ತರವೂ ಉಪದೇಶದಲ್ಲೇ ಮುಗಿಯುತ್ತದೆ. ನಿಮ್ಮ ಸೂಚನೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಮಗು ನೆನಪಿಡಬೇಕಾದ ಸಂಗತಿಗಳು ಎಷ್ಟೆಂದು ಎಣಿಸಿದೆ. ನೋಟ್‌ಬುಕ್, ದಿನಾಂಕ, ಮಾರ್ಜಿನ್, ಪುಟ, ಮಾಡಬೇಕಾದ ಲೆಕ್ಕಗಳು, ಬಿಡಬೇಕಾದ ಲೆಕ್ಕ, ಹಂತ, ಮೌನ, ಸಮಯ, ಕೊಡಬೇಕಾದವರು ಹೀಗೆ ಒಟ್ಟು ಹತ್ತು. ಲೆಕ್ಕದ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹಿಡಿದರೆ ಹನ್ನೆರಡು. ಇಷ್ಟನ್ನೂ ನೀವು ಹೇಳಿ ಮುಗಿಸಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿರಲಾರದು.

1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್, ಮನುಷ್ಯ ಒಮ್ಮೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ಏಳು, ಬೇಕಾದರೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅನೇಕ ಪ್ರಯೋಗಗಳನ್ನು ಪರಿಶೀಲಿಸಿ, ಮನಸ್ಸಿನಲ್ಲೇ ಉರುಹೊಡೆಯುವ ಮತ್ತು ಗುಂಪು ಮಾಡಿಕೊಳ್ಳುವ ಉಪಾಯಗಳಿಗೆ ಅವಕಾಶವಿಲ್ಲದಿದ್ದರೆ ಆ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ ಎಂದು ತೋರಿಸಿದರು. ಇವೆರಡೂ ವಯಸ್ಕರ ಲೆಕ್ಕ. ಕೆಲಸ ಮಾಡುತ್ತಿರುವಷ್ಟು ಹೊತ್ತು ಬೇಕಾದ್ದನ್ನು ಹಿಡಿದಿಡುವ ಈ ನೆನಪನ್ನು ವರ್ಕಿಂಗ್ ಮೆಮೊರಿ ಎನ್ನುತ್ತಾರೆ; ಅದು ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ, ಒಂದೇ ತರಗತಿಯ ಮಕ್ಕಳ ನಡುವೆಯೂ ಅದರಲ್ಲಿ ದೊಡ್ಡ ಅಂತರವಿರುತ್ತದೆ. ಈ ವಿಷಯವನ್ನು ಶಾಲಾ ಕೊಠಡಿಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಸೂಸನ್ ಗ್ಯಾದರ್‌ಕೋಲ್ ಮತ್ತು ಟ್ರೇಸಿ ಆಲೋವೇ, ವರ್ಕಿಂಗ್ ಮೆಮೊರಿ ಕಡಿಮೆಯಿರುವ ಮಕ್ಕಳನ್ನು ಶಿಕ್ಷಕರು ನೆನಪಿನ ತೊಂದರೆಯವರು ಎಂದು ಗುರುತಿಸುವುದು ಅಪರೂಪ, ಗಮನ ಕೊಡದವರು ಎಂದೇ ಗುರುತಿಸುತ್ತಾರೆ ಎಂಬುದನ್ನು ಕಂಡುಕೊಂಡರು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲೇ ಇದೆ. ಕೆಲವರು ಬೇಕೆಂದೇ ಮಾಡುತ್ತಾರೆ, ಅವರ ವಿಷಯಕ್ಕೆ ಬರುತ್ತೇನೆ. ಉಳಿದವರ ಬಳಿ ನಿಮ್ಮ ಮಾತು ಒಂದೋ ತಲುಪಿಲ್ಲ, ಇಲ್ಲವೇ ತಲುಪಿಯೂ ನಿಂತಿಲ್ಲ.

ಹೇಗೆ ತಲುಪುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದರೆ ಕೋಪ ತಾನಾಗಿ ಇಳಿಯುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದೇ ನನ್ನ ಕೆಲಸ. ಒಮ್ಮೆ ಶಿಕ್ಷಕರನ್ನು ಬಿಟ್ಟು ಒಬ್ಬ ಹುಡುಗಿಯನ್ನು ಮಾತ್ರ ಎರಡು ನಿಮಿಷ ನೋಡಿದೆ. ‘ನೋಟ್‌ಬುಕ್ ತೆಗೀರಿ’ ಎಂಬ ಮಾತು ಬಿದ್ದ ಕೂಡಲೇ ಅವಳು ಬ್ಯಾಗಿಗೆ ಕೈ ಹಾಕಿದಳು. ಬೇಕಾದ ನೋಟ್‌ಬುಕ್ ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆಯುವಾಗ ಜಾಮಿಟ್ರಿ ಬಾಕ್ಸ್ ಬಿದ್ದು ತೆರೆದುಕೊಂಡಿತು, ಕೈವಾರ ಮುಂದಿನ ಬೆಂಚಿನ ಕೆಳಗೆ ಹೋಯಿತು. ಅವಳು ಬಗ್ಗಿ ಅದನ್ನು ಹೆಕ್ಕಿ, ಮುಚ್ಚಳ ಒತ್ತಿ, ತಲೆ ಎತ್ತುವ ಹೊತ್ತಿಗೆ ಶಿಕ್ಷಕರು ಪುಟದ ಸಂಖ್ಯೆ, ಪ್ರಶ್ನೆಗಳ ಸಂಖ್ಯೆ, ಬರೆಯುವ ಕ್ರಮ ಎಲ್ಲವನ್ನೂ ಹೇಳಿ ‘ಅರ್ಥ ಆಯ್ತಾ?’ ಎಂದು ಕೇಳಿದ್ದರು, ತರಗತಿ ‘ಆಯ್ತು ಸರ್’ ಎಂದು ರಾಗ ಎಳೆದಿತ್ತು. ಅವಳೂ ಆ ರಾಗದ ಕೊನೆಯನ್ನು ಸೇರಿಕೊಂಡಳು. ಆಮೇಲೆ ಪಕ್ಕದವಳ ಪುಸ್ತಕದತ್ತ ಓರೆಗಣ್ಣು, ಅವಳು ಪುಟ ಮುಚ್ಚಿಕೊಂಡದ್ದರಿಂದ ಕೊನೆಗೆ ಕೈ ಎತ್ತಿ ‘ಎಷ್ಟನೇ ಪುಟ ಸರ್?’ ಇಡೀ ತರಗತಿಯಲ್ಲಿ ಮೊದಲ ಸೂಚನೆಯನ್ನು ತಕ್ಷಣ ಪಾಲಿಸಿದವರಲ್ಲಿ ಅವಳೂ ಒಬ್ಬಳು. ಪಾಲಿಸಿದ ಕಾರಣಕ್ಕೇ ಉಳಿದ ಸೂಚನೆಗಳು ಅವಳಿಗೆ ತಪ್ಪಿಹೋದವು, ಆಮೇಲೆ ಬೈಸಿಕೊಂಡವಳೂ ಅವಳೇ.

ನೋಟ್‌ಬುಕ್ ತೆಗೆಯಲು ಹೇಳಿ, ಅವರು ತೆಗೆಯುತ್ತಿರುವಾಗಲೇ ಮುಂದಿನದನ್ನು ಹೇಳುವ ಈ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ. ಕೈಗೆ ಕೆಲಸ ಕೊಟ್ಟ ಮೇಲೆ ಕಿವಿ ನಮ್ಮದಲ್ಲ ಎಂಬುದನ್ನು ನಾನು ಕಲಿಯುವುದಕ್ಕೆ ಏಳೆಂಟು ವರ್ಷ ಬೇಕಾಯಿತು. ಆದ್ದರಿಂದ ಮೊದಲ ಬದಲಾವಣೆ ಇಲ್ಲಿಂದಲೇ ಆಗಲಿ. ‘ಗಣಿತದ ನೋಟ್‌ಬುಕ್, ಪಠ್ಯ, ಪೆನ್ನು ಮೇಜಿನ ಮೇಲೆ’ ಎಂದು ಹೇಳಿ ನಿಲ್ಲಿಸಿಬಿಡಿ. ನಿಂತಲ್ಲೇ ನಿಂತು ನೋಡಿ. ಓಡಾಡುತ್ತಾ, ಹಾಜರಿ ಪುಸ್ತಕ ಸರಿಪಡಿಸುತ್ತಾ, ಬೋರ್ಡ್ ಒರೆಸುತ್ತಾ ಹೇಳಿದ ಮಾತು ಹಿನ್ನೆಲೆಯ ಸದ್ದಾಗಿಬಿಡುತ್ತದೆ. ಬ್ಯಾಗುಗಳ ಜಿಪ್ ಸದ್ದು ನಿಂತ ಮೇಲೆ ‘46ನೇ ಪುಟ ತೆರೆದು 3ನೇ ಲೆಕ್ಕದ ಮೇಲೆ ಬೆರಳಿಡಿ’ ಎನ್ನಿ. ಈ ಬೆರಳಿನ ಉಪಾಯ ನೋಡಲು ಬಾಲಿಶವಾಗಿ ಕಂಡರೂ ಏಳನೇ ತರಗತಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ 38 ಬೆರಳುಗಳನ್ನು ಒಂದು ನೋಟದಲ್ಲಿ ಪರೀಕ್ಷಿಸಬಹುದು, ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಗೆ ಬರುವ ಸಾಮೂಹಿಕ ರಾಗವನ್ನು ಯಾರೂ ಪರೀಕ್ಷಿಸಲಾರರು. ಸೂಚನೆಯನ್ನು ಬಾಯಲ್ಲಿ ಒಪ್ಪಿಸುವುದಕ್ಕಿಂತ ಕೈಯಾರೆ ಮಾಡಿ ತೋರಿಸುವಾಗ ಮಕ್ಕಳು ಹೆಚ್ಚು ನೆನಪಿಟ್ಟಿರುತ್ತಾರೆ ಎಂಬುದನ್ನೂ ಗ್ಯಾದರ್‌ಕೋಲ್ ಅವರ ತಂಡ 2008ರಲ್ಲಿ ಪ್ರಕಟಿಸಿದೆ. ಬಾಯಿಂದಲೇ ಕೇಳಬೇಕೆನಿಸಿದರೆ ‘ಅರ್ಥ ಆಯ್ತಾ?’ ಬಿಟ್ಟು, ಯಾರಾದರೊಬ್ಬರ ಹೆಸರು ಹಿಡಿದು ‘ಈಗ ಮೊದಲು ಏನು ಮಾಡ್ತೀಯ?’ ಎಂದು ಕೇಳಿ. ಅವನಿಗೆ ಹೇಳಲು ಬಾರದಿದ್ದರೆ ಇನ್ನೂ ಹತ್ತು ಜನರಿಗೆ ಬಂದಿರುವುದಿಲ್ಲ.

ಇನ್ನು ಆ 4ನೇ ಲೆಕ್ಕದ ರಹಸ್ಯ. ‘3, 5, 7 ಮಾಡಿ, 4ನ್ನು ಬಿಡಿ’ ಎಂದಾಗ ಮಕ್ಕಳ ಕಿವಿಗೆ ಬಿದ್ದ ಕೊನೆಯ ಸಂಖ್ಯೆ ಯಾವುದೆಂದು ನೋಡಿ. ಒಂದು ಪಟ್ಟಿಯಲ್ಲಿ ಕೊನೆಗೆ ಕೇಳಿದ್ದು ಚೆನ್ನಾಗಿ ಉಳಿಯುತ್ತದೆ. ‘ಬಿಡಿ’ ಎಂಬ ಪುಟ್ಟ ಕ್ರಿಯಾಪದ ಜಾರಿಹೋಗಿ 4 ಎಂಬ ಅಂಕಿ ಮಾತ್ರ ಅಂಟಿಕೊಂಡಿರುತ್ತದೆ ಎಂಬುದು ನನ್ನ ಅಂದಾಜು. ಬೇಡದ ಲೆಕ್ಕದ ಹೆಸರನ್ನೇ ಎತ್ತದಿದ್ದರೆ ಅರ್ಧ ತಪ್ಪುಗಳು ಮಾಯವಾಗುತ್ತವೆ. ಹಾಗೆಯೇ ‘ಮಾತು ಬೇಡ’ ಎಂಬುದರಲ್ಲಿ ಏನು ಬೇಡ ಎಂಬುದಿದೆ, ಏನು ಬೇಕು ಎಂಬುದಿಲ್ಲ. ಸಂಶಯ ಬಂದರೆ ಪಕ್ಕದವಳನ್ನು ಕೇಳಬಹುದೇ, ಪಿಸುಮಾತು ಮಾತಿನಲ್ಲಿ ಸೇರುತ್ತದೆಯೇ, ರಬ್ಬರ್ ಕೇಳುವುದು ಹೇಗೆ? ‘ಮೊದಲ ಹತ್ತು ನಿಮಿಷ ಒಬ್ಬೊಬ್ಬರೇ, ಸಂಶಯವಿದ್ದರೆ ಕೈ ಎತ್ತಿ, ನಾನು ಬರುತ್ತೇನೆ’ ಎಂದರೆ ಹನ್ನೆರಡು ವರ್ಷದವರಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ.

ಕೋಣ ಮತ್ತು ಕಿನ್ನರಿಯ ಗಾದೆಯನ್ನು ನಾವು ಸದಾ ಬಾರಿಸುವವರ ಕಡೆ ನಿಂತೇ ಹೇಳುತ್ತೇವೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಎದುರಿನವರು ಅದು ಯಾವ ಹಾಡೆಂದು ಹೇಳಬೇಕು. ಸುಮಾರು ಅರ್ಧದಷ್ಟು ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದು ಬಡಿದವರು ನಂಬಿದ್ದರು. ಬಡಿದ 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ಬಡಿಯುವವರ ತಲೆಯೊಳಗೆ ಹಾಡು ಪೂರ್ತಿಯಾಗಿ ಕೇಳುತ್ತಿರುತ್ತದೆ, ಎದುರಿನವರಿಗೆ ಕೇಳುವುದು ಟಕ್ ಟಕ್ ಮಾತ್ರ. ‘ಹಂತಗಳನ್ನು ತೋರಿಸಿ’ ಎಂದು ನೀವು ಹೇಳುವಾಗ ನಿಮ್ಮ ಕಣ್ಣ ಮುಂದೆ ಅಚ್ಚುಕಟ್ಟಾಗಿ ಒಂದರ ಕೆಳಗೊಂದು ಬರೆದ ನಾಲ್ಕು ಸಾಲುಗಳಿರುತ್ತವೆ. ಮಕ್ಕಳಲ್ಲಿ ಒಬ್ಬನಿಗೆ ಅದು ಬದಿಯಲ್ಲಿ ಮಾಡಿದ ಗುಣಾಕಾರ, ಇನ್ನೊಬ್ಬಳಿಗೆ ಉತ್ತರದ ಮುಂದಿನ ಒಂದು ಸಾಲು, ಮೂರನೆಯವನಿಗೆ ಹೋದ ವರ್ಷದ ಶಿಕ್ಷಕರು ಹೇಳಿಕೊಟ್ಟ ಯಾವುದೋ ಪದ್ಧತಿ. ಇದಕ್ಕೆ ಮತ್ತಷ್ಟು ವಿವರಣೆ ಮದ್ದಲ್ಲ. 3ನೇ ಲೆಕ್ಕವನ್ನು ಹೋಲುವ ಒಂದು ಲೆಕ್ಕವನ್ನು ಬೋರ್ಡಿನ ಎಡಭಾಗದಲ್ಲಿ ನಿಮಗೆ ಬೇಕಾದ ರೂಪದಲ್ಲೇ ಮಾಡಿ, ಪಿರಿಯಡ್ ಮುಗಿಯುವವರೆಗೆ ಅಳಿಸದೆ ಬಿಡಿ.

ಬೋರ್ಡಿನ ಮೇಲೆ ಬರೆದೂ ಫಲವಾಗಲಿಲ್ಲ ಎಂದಿದ್ದೀರಿ. ಯಾವಾಗ ಬರೆದಿರಿ ಎಂಬುದು ಇಲ್ಲಿ ಮುಖ್ಯ. ನಾನು ನೋಡಿರುವ ಹೆಚ್ಚಿನ ತರಗತಿಗಳಲ್ಲಿ ಶಿಕ್ಷಕರು ಮೊದಲು ಹೇಳುತ್ತಾರೆ, ಗದ್ದಲವಾದ ಮೇಲೆ ಬೇಸತ್ತು ‘ಪು. 46 – 3, 5, 7’ ಎಂದು ಮೂಲೆಯಲ್ಲಿ ಗೀಚುತ್ತಾರೆ, ಬರೆಯುತ್ತಿರುವಾಗಲೂ ಬಾಯಿ ಬೇರೇನನ್ನೋ ಹೇಳುತ್ತಿರುತ್ತದೆ. ಓದುವುದು ಮತ್ತು ಕೇಳುವುದು, ಎರಡೂ ಭಾಷೆಯ ಕೆಲಸವೇ ಆದ್ದರಿಂದ ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತದೆ. ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಬಲಭಾಗದಲ್ಲಿ, ದಿನವೂ ಅದೇ ಜಾಗದಲ್ಲಿ, ಸಂಖ್ಯೆ ಹಾಕಿ ನಾಲ್ಕು ಸಾಲು ಬರೆದಿಡಿ: 1. ದಿನಾಂಕ, ಮಾರ್ಜಿನ್. 2. ಪುಟ 46, ಲೆಕ್ಕ 3, 5, 7. 3. ಎಡಗಡೆಯ ಮಾದರಿಯಂತೆ ಹಂತ. 4. ಮುಗಿದವರು ಪುಟ 47ರ ಮೊದಲ ಲೆಕ್ಕ. ನಾಲ್ಕನೇ ಸಾಲನ್ನು ಯಾರೂ ಬರೆಯುವುದಿಲ್ಲ, ಬರೆಯದೆ ಇರುವುದರಿಂದಲೇ ಬೇಗ ಮುಗಿಸಿದ ಆರು ಮಕ್ಕಳು ಇನ್ನೂ ಮುಗಿಸದ ಮೂವತ್ತೆರಡು ಮಕ್ಕಳ ಕೆಲಸ ಕೆಡಿಸುತ್ತಾರೆ. ಬೋರ್ಡಿನ ಮೇಲಿರುವುದನ್ನು ಮತ್ತೆ ಬಾಯಲ್ಲಿ ವ್ಯಾಖ್ಯಾನಿಸಲು ಹೋಗಬೇಡಿ. ಅವರಿಗೆ ಓದಲು ಅರ್ಧ ನಿಮಿಷ ಕೊಟ್ಟು ಸುಮ್ಮನಿರಿ.

ಬರೆದುಕೊಟ್ಟರೆ ಮಕ್ಕಳು ಕೇಳುವ ಅಭ್ಯಾಸವನ್ನೇ ಬಿಟ್ಟುಬಿಡುತ್ತಾರೆ ಎಂದು ಹಿರಿಯ ಶಿಕ್ಷಕರು ನನ್ನೊಡನೆ ವಾದಿಸಿದ್ದಾರೆ. ಅವರಿಗೆ ನಾನು ವಿಮಾನದ ಕಥೆ ಹೇಳುತ್ತೇನೆ. 1935ರ ಅಕ್ಟೋಬರ್‌ನಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ಹೊಸ ಬಾಂಬರ್ ಪರೀಕ್ಷಾ ಹಾರಾಟದಲ್ಲಿ ನೆಲಕ್ಕಪ್ಪಳಿಸಿತು. ಚಾಲಕರು ಪಳಗಿದವರೇ, ಹಾರುವ ಮುನ್ನ ಬಿಡಿಸಬೇಕಿದ್ದ ಒಂದು ಬೀಗವನ್ನು ಬಿಡಿಸಲು ಮರೆತಿದ್ದರು. ಆಮೇಲೆ ಬಂದದ್ದು ಹೆಚ್ಚಿನ ಎಚ್ಚರಿಕೆಯ ಭಾಷಣವಲ್ಲ, ಪೈಲಟ್‌ಗಳ ಕೈಗೆ ಒಂದು ಚೆಕ್‌ಲಿಸ್ಟ್. ಇಂದಿಗೂ ವಿಮಾನ ಹಾರಿಸುವವರು ನೆನಪನ್ನು ನಂಬಿ ಹೊರಡುವುದಿಲ್ಲ. ಅವರಿಗೆ ಇರುವ ಸೌಲಭ್ಯವನ್ನು ಹನ್ನೆರಡು ವರ್ಷದ ಹುಡುಗನಿಗೆ ಕೊಡಲು ನಾವು ಏಕೆ ಹಿಂಜರಿಯಬೇಕು?

ಈಗ ನಿಮಗೆ ಹಿಡಿಸದ ಒಂದು ಮಾತು ಹೇಳಬೇಕಾಗಿದೆ. ನೀವು ಐದು ಸಲ ಹೇಳುವುದರಿಂದ ಮಕ್ಕಳು ಕಲಿತಿರುವುದು, ಮೊದಲ ನಾಲ್ಕು ಸಲ ಕೇಳುವ ಅಗತ್ಯವಿಲ್ಲ ಎಂಬುದನ್ನು. ಇದು ಅವರ ಸೋಮಾರಿತನಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದ ಜಾಣತನ. ಕಿರುಚಿದಾಗ ಮಾತ್ರ ಸೂಚನೆ ನಿಜವಾದದ್ದು, ಅಲ್ಲಿಯವರೆಗಿನದು ಪೀಠಿಕೆ ಎಂಬುದನ್ನು ನಿಮ್ಮ ತರಗತಿ ನಿಮ್ಮಿಂದಲೇ ತಿಳಿದುಕೊಂಡಿದೆ. 1968ರಲ್ಲಿ ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತು ಅವರ ಸಹೋದ್ಯೋಗಿಗಳು ಒಂದನೇ ತರಗತಿಯ ಕೊಠಡಿಯಲ್ಲಿ ಒಂದು ವಿಚಿತ್ರವನ್ನು ದಾಖಲಿಸಿದರು: ‘ಕೂತ್ಕೊಳ್ಳಿ’ ಎಂದು ಶಿಕ್ಷಕಿಯರು ಹೆಚ್ಚು ಹೇಳತೊಡಗಿದಷ್ಟೂ ಎದ್ದು ನಿಲ್ಲುವ ಮಕ್ಕಳು ಹೆಚ್ಚಾದರು. ಹೇಳಿದ ಕ್ಷಣಕ್ಕೆ ಕೂರುತ್ತಿದ್ದರು, ಆದ್ದರಿಂದ ಹೇಳಿದ್ದು ಕೆಲಸ ಮಾಡಿತು ಎಂದು ಶಿಕ್ಷಕಿಯರಿಗೆ ಅನಿಸುತ್ತಿತ್ತು. ಒಟ್ಟು ಲೆಕ್ಕ ತೆಗೆದಾಗ ಏಳುವುದು ಏರಿತ್ತು. ಕೂತು ಕೆಲಸ ಮಾಡುತ್ತಿದ್ದವರನ್ನು ಗುರುತಿಸಿ ಮೆಚ್ಚಿದಾಗ ಅದು ಇಳಿಯಿತು. ಆ ಮಕ್ಕಳು ನಿಮ್ಮವರಿಗಿಂತ ಚಿಕ್ಕವರು ನಿಜ, ಆದರೆ ಕ್ಷಣದ ಪರಿಹಾರವೇ ದೀರ್ಘಕಾಲದ ರೋಗವನ್ನು ಸಾಕುತ್ತದೆ ಎಂಬ ಸಂಗತಿಗೆ ವಯಸ್ಸಿನ ಭೇದವಿಲ್ಲ.

ಹಾಗಾದರೆ ‘ಎಷ್ಟನೇ ಪುಟ ಮಿಸ್?’ ಎಂದಾಗ ಏನು ಮಾಡಬೇಕು? ಬಾಯಿ ತೆರೆಯದೆ, ಮುಖ ಗಂಟಿಕ್ಕದೆ, ಬೋರ್ಡಿನತ್ತ ಕೈ ತೋರಿಸಿ. ‘ಈಗ ತಾನೇ ಹೇಳಿದ್ನಲ್ಲ, ಕಿವಿ ಎಲ್ಲಿತ್ತು?’ ಎಂಬ ಒಗ್ಗರಣೆ ಬೇಡ. ಅದು ಕೇಳಿದವನಿಗೆ ತರಗತಿಯ ನಗುವನ್ನು ಗಳಿಸಿಕೊಡುತ್ತದೆ, ಕೇಳದೆ ತಪ್ಪು ಮಾಡಿದವನಿಗೆ ಕೇಳದಿರುವುದೇ ಲೇಸೆಂಬ ಪಾಠ ಕಲಿಸುತ್ತದೆ. ಮೊದಲ ವಾರ ಎರಡು ವಾರ ಪ್ರಶ್ನೆಗಳು ಕಡಿಮೆಯಾಗುವ ಬದಲು ಹೆಚ್ಚಾಗಬಹುದು, ಏಕೆಂದರೆ ಇದುವರೆಗೆ ಸಿಗುತ್ತಿದ್ದ ಉತ್ತರ ಏಕಾಏಕಿ ನಿಂತಾಗ ಯಾರೇ ಆದರೂ ಇನ್ನೂ ಜೋರಾಗಿ ಬಾಗಿಲು ತಟ್ಟುತ್ತಾರೆ. ಆ ಎರಡು ವಾರಗಳಲ್ಲೇ ಹೆಚ್ಚಿನ ಶಿಕ್ಷಕರು ಸೋತು ಮತ್ತೆ ಹೇಳಲು ಶುರುಮಾಡುತ್ತಾರೆ. ಆದರೆ ಭಾಷೆ ಹೊಸದಾಗಿರುವ ಮಗು, ಕಿವಿ ಸರಿಯಾಗಿ ಕೇಳದ ಮಗು, ನಿನ್ನೆ ಬಾರದ ಮಗು ಕೇಳಿದರೆ ಹತ್ತಿರ ಹೋಗಿ ಎಷ್ಟು ಸಲ ಬೇಕಾದರೂ ಹೇಳಬೇಕು. ಈ ವಿವೇಚನೆಯಿಲ್ಲದೆ ‘ಒಂದೇ ಸಲ ಹೇಳುತ್ತೇನೆ’ ಎಂಬ ಘೋಷಣೆ ಮಾಡುವವರ ಬಗ್ಗೆ ನನಗೆ ಗೌರವ ಕಡಿಮೆ.

ಎಲ್ಲ ಸೂಚನೆಗಳನ್ನೂ ಓದಿ ಆಮೇಲೆ ಬರೆಯಿರಿ ಎಂದು ಹೇಳಿ, ಇಪ್ಪತ್ತು ಅಸಂಬದ್ಧ ಕೆಲಸಗಳನ್ನು ಮಾಡಿಸಿ, ಕೊನೆಯ ಸಾಲಿನಲ್ಲಿ ‘ಹೆಸರು ಮಾತ್ರ ಬರೆದು ಸುಮ್ಮನೆ ಕೂರಿ’ ಎಂದು ಬರೆದಿರುವ ಆ ಪ್ರಸಿದ್ಧ ಪ್ರಶ್ನೆಪತ್ರಿಕೆಯನ್ನು ಕೊಡಲು ನಿಮಗೆ ಯಾರಾದರೂ ಸಲಹೆ ಕೊಟ್ಟಿರಬಹುದು. ನಾನೂ ಒಮ್ಮೆ ಕೊಟ್ಟಿದ್ದೇನೆ. ಅರ್ಧ ತರಗತಿ ಮೂರ್ಖರಾದೆವೆಂದು ನಾಚಿಕೊಂಡಿತು, ಉಳಿದರ್ಧ ಅವರನ್ನು ನೋಡಿ ನಕ್ಕಿತು, ಮರುದಿನ ಎಲ್ಲವೂ ಮೊದಲಿನಂತೆಯೇ ಇತ್ತು. ಶಿಕ್ಷಕರು ಬಲೆ ಬೀಸುತ್ತಾರೆ ಎಂಬ ಸಂಶಯ ಮಾತ್ರ ಕೆಲವು ದಿನ ಉಳಿಯಿತು.

ಕಾಲದ ವಿಷಯದಲ್ಲೂ ಒಂದು ತೊಡಕಿದೆ. ‘ಗಂಟೆ ಹೊಡೆಯೋ ಮೊದಲು ಲೀಡರ್ ಹತ್ತಿರ ಕೊಡಿ’ ಎಂಬುದು ಮೂವತ್ತು ನಿಮಿಷದ ನಂತರ ಮಾಡಬೇಕಾದ ಕೆಲಸ. ಅದನ್ನು ಆರಂಭದಲ್ಲೇ ಹೇಳಿದರೆ, ನಡುವೆ ಮೂರು ಲೆಕ್ಕಗಳನ್ನು ಬಿಡಿಸುತ್ತಾ ಆ ಮಾತನ್ನೂ ಒಂದು ಮೂಲೆಯಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ. ನಂತರದ ಕೆಲಸದ ಸೂಚನೆಯನ್ನು ನಂತರವೇ ಕೊಡಿ. ದಿನವೂ ನಡೆಯುವ ಕೆಲಸವಾದರೆ ಅದನ್ನೊಂದು ಗುರುತಿಗೆ ಕಟ್ಟಿಹಾಕಿ: ‘ನಾನು ಬೋರ್ಡಿನ ಮೇಲೆ ಐದು ನಿಮಿಷ ಎಂದು ಬರೆದಾಗ, ಪೆನ್ನು ಕೆಳಗಿಟ್ಟು ಹೆಸರು ಇದೆಯೇ ನೋಡಿಕೊಳ್ಳುವುದು, ಆಮೇಲೆ ನೋಟ್‌ಬುಕ್ ಮುಂದಕ್ಕೆ ಕಳಿಸುವುದು.’ ಹೀಗಾದಾಗ ಹೀಗೆ ಮಾಡುತ್ತೇನೆ ಎಂದು ಮೊದಲೇ ಜೋಡಿಸಿಟ್ಟ ಕೆಲಸ, ಮಾಡುತ್ತೇನೆ ಎಂದಷ್ಟೇ ಅಂದುಕೊಂಡ ಕೆಲಸಕ್ಕಿಂತ ಚೆನ್ನಾಗಿ ನಡೆಯುತ್ತದೆ ಎಂಬುದು ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ನಡೆಸಿಕೊಂಡು ಬಂದ ಸಂಶೋಧನೆಯ ತಿರುಳು.

ಮೂರನೇ ತರಗತಿಯ ಮಕ್ಕಳು ಹೇಳಿದ್ದು ಕೇಳುತ್ತಿದ್ದರು, ಇವರೇಕೆ ಕೇಳುವುದಿಲ್ಲ ಎಂಬ ನೋವು ನಿಮ್ಮ ಪತ್ರದ ತುಂಬ ಇದೆ. ನಿಮ್ಮ ಕೈ ಕೆಟ್ಟಿಲ್ಲ. ಅಲ್ಲಿ ನೀವೊಬ್ಬರೇ ಬೆಳಗಿನಿಂದ ಸಂಜೆಯವರೆಗೆ ಇದ್ದಿರಿ, ನಿಮ್ಮ ರೀತಿಯೇ ಅವರ ಲೋಕದ ರೀತಿಯಾಗಿತ್ತು. ಏಳನೇ ತರಗತಿಯ ಮಗುವಿಗೆ ದಿನಕ್ಕೆ ಆರೇಳು ಶಿಕ್ಷಕರು. ಒಬ್ಬರಿಗೆ ಮಾರ್ಜಿನ್ ಎಡಗಡೆ ಮಾತ್ರ ಸಾಕು, ಇನ್ನೊಬ್ಬರಿಗೆ ಎರಡೂ ಕಡೆ ಬೇಕು. ಒಬ್ಬರು ಶೀರ್ಷಿಕೆಗೆ ಕಪ್ಪು ಪೆನ್ನು ಎಂದರೆ ಮತ್ತೊಬ್ಬರು ನೀಲಿ ಬಿಟ್ಟು ಬೇರೆ ಬಣ್ಣ ಕಂಡರೆ ಹಾಳೆ ಹರಿಸುತ್ತಾರೆ. ಒಬ್ಬರಿಗೆ ಪ್ರತಿ ಉತ್ತರಕ್ಕೂ ಹೊಸ ಪುಟ, ಇನ್ನೊಬ್ಬರಿಗೆ ಅದು ಕಾಗದ ದಂಡ. ‘ಲೈನ್ ಬಿಡ್ಬೇಕಾ ಮಿಸ್?’ ಎಂಬ ಪ್ರಶ್ನೆಯಿಂದ ನಿಮಗೆ ತಲೆಚಿಟ್ಟು ಹಿಡಿಯುತ್ತದೆ, ಆದರೆ ಬೆಳಗಿನ ಪಿರಿಯಡ್‌ನಲ್ಲಿ ಲೈನ್ ಬಿಡದೆ ಬೈಸಿಕೊಂಡು, ಮುಂದಿನದರಲ್ಲಿ ಲೈನ್ ಬಿಟ್ಟು ಬೈಸಿಕೊಂಡು ಬಂದವಳ ಬಾಯಲ್ಲಿ ಅದು ಅತ್ಯಂತ ವಿವೇಕದ ಪ್ರಶ್ನೆ. ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ಮಾರ್ಜಿನ್, ಶೀರ್ಷಿಕೆ, ಪೆನ್ನಿನ ಬಣ್ಣ, ಕೆಲಸ ಒಪ್ಪಿಸುವ ರೀತಿ, ಈ ನಾಲ್ಕನ್ನು ಇಡೀ ವಿಭಾಗಕ್ಕೆ ಒಂದೇ ಮಾಡಿಕೊಂಡರೆ ಮಕ್ಕಳ ತಲೆಯಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆ ಎಂಬುದನ್ನು ಮಾಡಿ ನೋಡಿದವರೇ ಬಲ್ಲರು. ಸಹೋದ್ಯೋಗಿಗಳನ್ನು ಒಪ್ಪಿಸುವುದು ಮಕ್ಕಳನ್ನು ಒಪ್ಪಿಸುವುದಕ್ಕಿಂತ ಕಷ್ಟ ಎಂಬುದೂ ನನಗೆ ಗೊತ್ತು. ಇಬ್ಬರು ಒಪ್ಪಿದರೂ ಇಬ್ಬರಿಂದಲೇ ಶುರುಮಾಡಿ.

ವಯಸ್ಸೂ ತನ್ನ ಕೆಲಸ ಮಾಡುತ್ತಿರುತ್ತದೆ. 1993ರಲ್ಲಿ ಜಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರು ಒಂದು ವಿಪರ್ಯಾಸವನ್ನು ಎತ್ತಿ ತೋರಿಸಿದರು: ತನ್ನ ನಿರ್ಧಾರ ತಾನೇ ತೆಗೆದುಕೊಳ್ಳಬೇಕೆಂಬ ಹಂಬಲ ಮೊಳೆಯುವ ವಯಸ್ಸಿಗೇ ಶಾಲೆ ಹಿಡಿತವನ್ನು ಬಿಗಿ ಮಾಡುತ್ತದೆ, ಗೆಳೆಯರ ಕಣ್ಣಿಗೆ ಹೇಗೆ ಕಾಣುತ್ತೇನೆ ಎಂಬ ಚಿಂತೆ ತುದಿಗೇರಿದ ಹೊತ್ತಿಗೇ ಎಲ್ಲರೆದುರು ಹೋಲಿಸತೊಡಗುತ್ತದೆ. 2022ರಲ್ಲಿ ಡೇನಿಯಲ್ ಏಬ್ರಮ್ಸ್ ಮತ್ತು ಅವರ ತಂಡ ಪ್ರಕಟಿಸಿದ ಮಿದುಳಿನ ಅಧ್ಯಯನವನ್ನೂ ನೀವು ಎಲ್ಲಾದರೂ ಓದಿರಬಹುದು. ಚಿಕ್ಕ ಮಕ್ಕಳಲ್ಲಿ ತಾಯಿಯ ದನಿಗೆ ಹೆಚ್ಚು ಸ್ಪಂದಿಸುವ ಮಿದುಳಿನ ಭಾಗಗಳು ಹದಿಹರೆಯದವರಲ್ಲಿ ಅಪರಿಚಿತ ದನಿಗಳತ್ತ ವಾಲುತ್ತವೆ ಎಂದು ಅದು ಹೇಳುತ್ತದೆ. ‘ನೋಡಿ, ವಿಜ್ಞಾನವೇ ಹೇಳುತ್ತದೆ, ಇವರಿಗೆ ದೊಡ್ಡವರ ಮಾತು ಕೇಳಿಸುವುದೇ ಇಲ್ಲ’ ಎಂದು ಅದನ್ನು ಹಂಚಿಕೊಳ್ಳುವವರು ಅಧ್ಯಯನ ಹೇಳದ್ದನ್ನು ಹೇಳುತ್ತಿದ್ದಾರೆ. ಹೊಸ ದನಿಗಳತ್ತ ಕಿವಿ ತೆರೆದುಕೊಳ್ಳುವುದು ಬೆಳವಣಿಗೆಯ ಲಕ್ಷಣ, ಕಿವುಡಲ್ಲ. ನಿಮಗೆ ಇದರಿಂದ ಆಗುವ ಉಪಯೋಗ ಇಷ್ಟೇ: ಮುಖ್ಯವಲ್ಲದ ಕಡೆ ಆಯ್ಕೆ ಬಿಟ್ಟುಕೊಡಿ. ಮೂರು ಲೆಕ್ಕಗಳನ್ನು ಯಾವ ಕ್ರಮದಲ್ಲಾದರೂ ಮಾಡಬಹುದು, ಎಂಟು ಲೆಕ್ಕಗಳಲ್ಲಿ ಯಾವುದಾದರೂ ಐದು ಆರಿಸಬಹುದು ಎಂಬಂತಹ ಸಣ್ಣ ಸ್ವಾತಂತ್ರ್ಯ ಇದ್ದಲ್ಲಿ, ಉಳಿದ ಸೂಚನೆಗಳ ಮೇಲಿನ ತಗಾದೆ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ಬೇಕೆಂದೇ ಮಾಡದವರ ವಿಷಯ. ಮೇಲಿನದನ್ನೆಲ್ಲ ಸರಿಪಡಿಸಿದ ಮೇಲೆ 38ರಲ್ಲಿ ಅಂಥವರು ಎರಡೋ ಮೂರೋ ಉಳಿಯುತ್ತಾರೆ, ಮತ್ತು ಅವರು ಯಾರೆಂದು ಆಗ ಮಾತ್ರ ನಿಖರವಾಗಿ ಗೊತ್ತಾಗುತ್ತದೆ. ಅವರೊಡನೆ ಎಲ್ಲರೆದುರು ಜಗ್ಗಾಟಕ್ಕೆ ಇಳಿಯಬೇಡಿ. ಗೆಳೆಯರ ಮುಂದೆ ಬಗ್ಗುವುದು ಆ ವಯಸ್ಸಿನಲ್ಲಿ ಬಹಳ ದುಬಾರಿ, ಹಾಗಾಗಿ ಅವರು ಸೋಲಲು ಒಪ್ಪುವುದಿಲ್ಲ, ನೀವೂ ಒಪ್ಪಲಾರಿರಿ. ಬೆಂಚಿನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ‘3ನೇದು ಶುರು ಮಾಡು, ಎರಡು ನಿಮಿಷ ಬಿಟ್ಟು ಬರ್ತೀನಿ’ ಎಂದು ಹೇಳಿ ಅಲ್ಲಿಂದ ಹೊರಟುಬಿಡಿ. ನೀವು ತಲೆಯ ಮೇಲೆ ನಿಂತಿರುವಷ್ಟು ಹೊತ್ತು ಅವನು ಪೆನ್ನು ಎತ್ತುವುದಿಲ್ಲ, ನೀವು ಬೆನ್ನು ತಿರುಗಿಸಿದ ಮೇಲೆ ಎತ್ತಿದರೆ ಅದು ಅವನದೇ ನಿರ್ಧಾರವಾಗುತ್ತದೆ. ಎರಡು ನಿಮಿಷ ಎಂದವರು ಎರಡು ನಿಮಿಷಕ್ಕೆ ತಪ್ಪದೆ ಹೋಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ನೂರು ಸಲ ಬರೆಯಿಸುವ ಶಿಕ್ಷೆಯಿಂದ ಬರವಣಿಗೆಯ ಮೇಲೆ ದ್ವೇಷ ಹುಟ್ಟುತ್ತದೆ, ಸೂಚನೆ ಪಾಲಿಸುವುದು ಬರುವುದಿಲ್ಲ. ಮಾಡದ ಕೆಲಸಕ್ಕೆ ನ್ಯಾಯವಾದ ಪರಿಣಾಮ ಆ ಕೆಲಸವನ್ನು ಮಾಡುವುದೇ; ನಿಗದಿಯಾದ ಬೇರೊಂದು ಹೊತ್ತಿನಲ್ಲಿ, ನಿಮ್ಮ ಎದುರು ಕೂತು, ಯಾವ ಪ್ರವಚನವೂ ಇಲ್ಲದೆ.

ದಿನವೂ ತಪ್ಪುವ ಮಗು ಒಂದೇ ಆಗಿದ್ದರೆ ಶಿಸ್ತಿನ ವಿಷಯ ಬದಿಗಿಟ್ಟು ಮೊದಲು ಕಿವಿ, ಕಣ್ಣು, ನಿದ್ದೆ ವಿಚಾರಿಸಿ. ಹದಿಹರೆಯ ಕಾಲಿಡುವಾಗ ನಿದ್ದೆ ಬರುವ ಹೊತ್ತು ಸಹಜವಾಗಿಯೇ ತಡವಾಗುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು 2016ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ಕೊಟ್ಟ ಶಿಫಾರಸು. ಮೊದಲ ಪಿರಿಯಡ್‌ನಲ್ಲಿ ಮಾತ್ರ ತಪ್ಪುವ ಮಗುವಿಗೂ ಎಲ್ಲ ಪಿರಿಯಡ್‌ಗಳಲ್ಲೂ ತಪ್ಪುವ ಮಗುವಿಗೂ ವ್ಯತ್ಯಾಸವಿದೆ, ಅದನ್ನು ಇತರ ಶಿಕ್ಷಕರನ್ನು ಕೇಳಿ ತಿಳಿಯಬೇಕು. ಎಲ್ಲೆಡೆ, ಮನೆಯಲ್ಲೂ ಹೀಗೇ ಇದ್ದರೆ ಪೋಷಕರೊಡನೆ ಮಾತಾಡಿ ತಜ್ಞರ ಬಳಿ ಕಳಿಸಿ. ಅದಕ್ಕೆ ಹೆಸರಿಡುವ ಕೆಲಸ ನಮ್ಮದಲ್ಲ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ, ಹನ್ನೆರಡು ಸಂಗತಿಗಳ ತೊಡಕು ನಿಮಗೂ ಅನ್ವಯಿಸುತ್ತದೆ. ಮುಂದಿನ ಸೋಮವಾರ ಎರಡನ್ನು ಮಾತ್ರ ಮಾಡಿ: ಪಿರಿಯಡ್‌ಗೆ ಮೊದಲೇ ಬೋರ್ಡಿನ ಬಲಭಾಗದ ನಾಲ್ಕು ಸಾಲು, ಮತ್ತು ಮೇಜಿನ ಮೇಲೆ ಪುಸ್ತಕ ಬಂದು ಸದ್ದು ನಿಲ್ಲುವವರೆಗೆ ಪುಟದ ಸಂಖ್ಯೆ ಹೇಳದಿರುವುದು. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ, ಬೋರ್ಡಿನ ಮೇಲಿರುವುದನ್ನೇ ಎಷ್ಟು ಮಕ್ಕಳು ಕೇಳಿದರು ಎಂದು ದಿನವೂ ಗೀಟು ಹಾಕುತ್ತಾ ಬನ್ನಿ. ಎರಡನೇ ವಾರದ ಗೀಟುಗಳನ್ನು ನೋಡಿ ಎದೆಗುಂದಬೇಡಿ. ನಾಲ್ಕನೇ ವಾರದ್ದನ್ನು ಮೊದಲ ವಾರದ ಪಕ್ಕದಲ್ಲಿಟ್ಟು ನೋಡಿ, ಎಷ್ಟಿತ್ತು ಎಷ್ಟಾಯಿತು ಎಂದು ನನಗೂ ಬರೆದು ತಿಳಿಸಿ.